ಅತ್ತೆಗೆ ಚುಕ್ಕಿ ತೋರಿಸಿದ ಚಳಿಗಾಲ

ಮೊನ್ನೆ ಸಂಜೆ ಮುಳಗುಂದ ನಾಕಾದ ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತಿದ್ದೆ. ಗಾಡಿಯವ ಕಾದ ಬಾಣಲೆಗೆ ವಿನೆಗರ್ ಸುರಿದ. ಛಸ್ ಅಂತ ಎದ್ದ ಆ ಹುಳಿ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲಿರಲಿಲ್ಲ. ಬೆಟಗೇರಿಯ ನಮ್ಮ ಮನೆಯ ಬಚ್ಚಲಲ್ಲಿದ್ದೆ. ಕಿಟಕಿಗೆ ಕಂಬಳಿ ಬಡಿದು, ಕೆಂಪು ಬಲ್ಬಿನ ಕೆಳಗೆ, ಮೂರು ಪ್ಲಾಸ್ಟಿಕ್ ತಟ್ಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಮನೆಯಲ್ಲೇ ಫೋಟೋ ತೊಳೆಯುವವರಿಗೆ ಈ ವಾಸನೆ ಗೊತ್ತು, ನಡುವಿನ ತಟ್ಟೆಯ ನೀರು ಹೀಗೇ ಮೂಗಿಗೆ ಹೊಡೆಯುತ್ತದೆ. "ಅಕ್ಕಾರ, ಡ್ರೈ ಬೇಕೋ ಗ್ರೇವಿ ಬೇಕೋ?" ಅಂತ ಗಾಡಿಯವ ಎರಡು ಸಲ ಕೇಳಿದನಂತೆ. ಮೂರನೆಯ ಸಲ ಕೇಳಿದಾಗ ಎಚ್ಚರವಾಯಿತು.

"ಡ್ರೈ ಕೊಡಪಾ, ಖಾರ ಕಡಿಮಿ ಹಾಕು. ನಮ್ಮ ಅತ್ತಿಯವ್ರಿಗೆ ಒಯ್ಯೂದೈತಿ" ಅಂದೆ.

ನಮ್ಮ ಅತ್ತೆ ನೀಲವ್ವನವರಿಗೆ ಎಪ್ಪತ್ತು ದಾಟಿದೆ. ಸೋಮವಾರ ಒಪ್ಪತ್ತು, ಕೊರಳಲ್ಲಿ ಲಿಂಗ, ಕೈಯಲ್ಲಿ ಜಪದ ಸರ. ಆದರೆ ಗೋಬಿ ಅಂದರೆ ಪ್ರಾಣ. ನನ್ನ ಗಂಡ ಈರಣ್ಣ ಹೇಳುವ ಹಾಗೆ ನಮ್ಮಿಬ್ಬರದು ಅತ್ತೆ-ಸೊಸೆಯ ಸಂಬಂಧವೇ ಅಲ್ಲ, ಒಂದೇ ಬೆಂಚಿನ ಹುಡುಗಿಯರ ಸಂಬಂಧ. ಬೆಳಿಗ್ಗೆ ಜಗಳ, ಮಧ್ಯಾಹ್ನ ಚಹಾ.

ಅತ್ತೆಗೆ ಹುಟ್ಟಿದಾಗಿನಿಂದ ಇರುಳುಗಣ್ಣು. ಹಗಲು ಎಲ್ಲರಂತೆ ಕಾಣುತ್ತಿತ್ತು, ಹೊತ್ತು ಮುಳುಗಿತೋ ಕಣ್ಣಿಗೆ ಪರದೆ ಬೀಳುತ್ತಿತ್ತು. ನಾನು ಈ ಮನೆಗೆ ಬಂದ ಮೊದಲ ವಾರ ಕರೆಂಟು ಹೋದಾಗ ಊಟದ ತಾಟು ಅವರ ಕೈಗೆ ಕೊಡಹೋಗಿ ಸಾರೆಲ್ಲ ಮಡಿಲಿಗೆ ಚೆಲ್ಲಿದ್ದೆ. "ಮೊದಲ ಕೈಗೆ ಬೆಳಕ ಕೊಡವ್ವಾ, ಆಮ್ಯಾಲೆ ತಾಟು ಕೊಡು" ಅಂತ ನಗುತ್ತಲೇ ಅಂದಿದ್ದರು. ಅಂದಿನಿಂದ ನನಗೂ ಅದೇ ರೂಢಿ. ಕತ್ತಲಲ್ಲಿ ಅತ್ತೆಗೆ ಏನೇ ಕೊಡುವುದಿದ್ದರೂ ಮೊದಲು ಬ್ಯಾಟರಿಯ ಬೆಳಕು ಅವರ ಕೈಮೇಲೆ, ಆಮೇಲೆ ವಸ್ತು. ಅವರ ತವರಿನವರಿಗಂತೂ ಇದು ರಕ್ತದಲ್ಲೇ ಬಂದಿತ್ತು.

ಕೆಲವು ವರ್ಷಗಳ ಹಿಂದೆ ದೀಪಾವಳಿ ಕಳೆದ ಮೇಲೆ ಅತ್ತೆ ಹಗಲಲ್ಲೂ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳತೊಡಗಿದರು. ಹುಬ್ಬಳ್ಳಿಗೆ ಕರೆದೊಯ್ದು ಕಣ್ಣಿನ ಡಾಕ್ಟರಿಗೆ ತೋರಿಸಿದೆ. ನೋಟ ಸುತ್ತಲಿಂದ ಮುಚ್ಚುತ್ತ ಬರುತ್ತಿದೆ, ಈಗ ಊದುಗೊಳವೆಯೊಳಗಿಂದ ನೋಡಿದಷ್ಟು ಮಾತ್ರ ಉಳಿದಿದೆ, ಅದೂ ಹೆಚ್ಚು ದಿನ ಇರಲಿಕ್ಕಿಲ್ಲ, ಇದಕ್ಕೆ ಔಷಧ ಇಲ್ಲ ಅಂದರು. ಬೇರೆ ಎಲ್ಲಾದರೂ ತೋರಿಸಬಹುದೇ ಅಂತ ನಾನು ಮತ್ತೆ ಮತ್ತೆ ಕೇಳಿದೆ. ಅತ್ತೆ ಮಾತ್ರ "ಆತು ಬಿಡ್ರಿ, ಇಷ್ಟ ದಿವಸ ಕಂಡದ್ದ ಭಾಳ ಆತು" ಅಂತ ಎದ್ದು ಸೆರಗು ಸರಿಮಾಡಿಕೊಂಡರು.

ಮರಳುವ ಬಸ್ಸು ಅಣ್ಣಿಗೇರಿ ದಾಟುವಾಗ ಕತ್ತಲಾಗಿತ್ತು. ಕಿಟಕಿಯ ಹೊರಗೆ ಒಂದೆರಡು ಚುಕ್ಕಿ ಮೂಡಿದ್ದವು. ನಾನು ಸುಮ್ಮನೆ ಮಾತಿಗೆ ಅದನ್ನೇ ಹೇಳಿದೆ. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಸುಮಿತ್ರಾ, ಖರೆ ಹೇಳ್ಲೇನು? ನಾ ಒಮ್ಮಿನೂ ಚುಕ್ಕಿ ನೋಡಿಲ್ಲ" ಅಂದರು.

"ಏನಂತೀರಿ ಅತ್ತಿ?"

"ಸಣ್ಣಾಕಿ ಇದ್ದಾಗ ಎಲ್ಲಾರೂ ಮಾಳಿಗಿ ಮ್ಯಾಲ ಮಲಗಿ ಚುಕ್ಕಿ ಎಣಸ್ತಿದ್ರು. ನಾನೂ ಅಲ್ಲೊಂದು ಇಲ್ಲೊಂದು ಬೊಟ್ಟ ಮಾಡಿ ಎಣಸ್ತಿದ್ದೆ. ನನಗೇನ ಕಾಣಬೇಕು, ಕರೀ ಕಂಬಳಿ ಹೊಚ್ಚಿದಂಗ. ಒಮ್ಮೊಮ್ಮಿ ಎಲ್ಲಾರಕಿಂತ ಹೆಚ್ಚಿಗಿನೂ ಎಣಸ್ತಿದ್ದೆ ನೋಡು!" ಅಂತ ನಕ್ಕರು.

ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ರಾತ್ರಿ ಕಣ್ಣು ಕಾಣದವರು ಚುಕ್ಕಿ ಕಂಡಿರಲಾರರು ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಬಸ್ಸಿನಲ್ಲೇ ಮನಸ್ಸಿನಲ್ಲಿ ನಿರ್ಧಾರ ಮಾಡಿದೆ. ರಾತ್ರಿಯ ಆಕಾಶವನ್ನು ಕಾಗದದ ಮೇಲೆ ಇಳಿಸಿ ಹಗಲಿನಲ್ಲಿ ಇವರಿಗೆ ತೋರಿಸಬೇಕು, ಆ ಊದುಗೊಳವೆ ಮುಚ್ಚುವುದರೊಳಗೆ.

ಗಂಡನಿಗೆ ಹೇಳಿದರೆ, "ಅದಕ್ಯಾಕ ಇಷ್ಟ ಜಂಜಾಟ? ಮೊಬೈಲ್‌ದಾಗ ಬರೂದಿಲ್ಲೇನು?" ಅಂದರು. ತೋರಿಸಿಯೂ ನೋಡಿದೆವು. ಹೊಳೆಯುವ ಪರದೆ ಅತ್ತೆಯ ಕಣ್ಣಿಗೆ ಸೂಜಿ ಚುಚ್ಚಿದ ಹಾಗಾಯಿತು. "ತಗಿ ಅದನ್ನ, ನೀರ ಬರ್ತಾವು" ಅಂತ ಮುಖ ತಿರುಗಿಸಿದರು. ಕಾಗದವೇ ಬೇಕಿತ್ತು. ಕಾಗದ ಅಂದರೆ ನನಗೆ ಅಪ್ಪ ನೆನಪಾಗುತ್ತಾರೆ. ಗದಗ ಸ್ಟೇಷನ್ ರಸ್ತೆಯಲ್ಲಿ ಅಪ್ಪನದು ಸ್ಟುಡಿಯೋ ಇತ್ತು. ಅಪ್ಪ ಹೋದ ಮೇಲೆ ಅವರ ರಷ್ಯಾದ ಹಳೇ ರೋಲ್ ಕ್ಯಾಮೆರಾ, ಫೋಟೋ ದೊಡ್ಡದು ಮಾಡುವ ಎನ್‌ಲಾರ್ಜರ್, ತಟ್ಟೆಗಳು ನನ್ನ ಪಾಲಿಗೆ ಬಂದಿದ್ದವು. ಹೊಲಿಗೆ ಕ್ಲಾಸು ನಡೆಸುವ ಕೋಣೆಯ ಅಟ್ಟದ ಮೇಲೆ ಧೂಳು ತಿನ್ನುತ್ತ ಬಿದ್ದಿದ್ದವು. ಆ ಕ್ಯಾಮೆರಾಕ್ಕೆ ಸೆಲ್ಲು ಬೇಡ. ಕೇಬಲ್ಲಿನ ಗುಂಡಿ ಒತ್ತಿ ತಿರುಪು ಬಿಗಿದರೆ, ಸಡಿಲಿಸುವ ತನಕ ಅದರ ಕಣ್ಣು ತೆರೆದೇ ಇರುತ್ತದೆ. ನಮ್ಮ ಕಣ್ಣು ಕಂಡದ್ದನ್ನು ಆಗಲೇ ಮರೆಯುತ್ತದೆ. ಫಿಲ್ಮು ಹಾಗಲ್ಲ, ಬಿದ್ದ ಬೆಳಕನ್ನೆಲ್ಲ ಕೂಡಿಸುತ್ತ ಹೋಗುತ್ತದೆ.

ಕಪ್ಪು-ಬಿಳುಪು ರೋಲು ಎರಡು ತರಿಸಿದೆ. ಮೊದಲನೆಯದರ ಅರ್ಧ ಬೆಟಗೇರಿಯ ನಮ್ಮ ಮಾಳಿಗೆಯ ಮೇಲೆಯೇ ಹಾಳಾಯಿತು. ಊರ ದೀಪಗಳ ಬೆಳಕೆಲ್ಲ ಸೇರಿ ಆಕಾಶ ಅಂಬಲಿಯ ಹಾಗೆ ಬೂದಾಗಿ ಬಂತು. ಉಳಿದರ್ಧ ಲಕ್ಷ್ಮೇಶ್ವರದ ತಂಗಿಯ ಮನೆಗೆ ಹೋದಾಗ ಶಿರಹಟ್ಟಿ ರಸ್ತೆಯ ಬದಿಗೆ ನಿಂತು ತೆಗೆದೆ. ಮೆಣಸಿನಕಾಯಿ ಲಾರಿಗಳು ಒಂದರ ಹಿಂದೊಂದು ಬಂದು ಅದರ ಮೇಲೂ ದೀಪ ಎರಚಿ ಹೋದವು. ಲಾರಿಯವರಿಗೆ ಕೇಳಿಸದಿದ್ದರೂ ಬಾಯಿತುಂಬ ಬೈದೆ. ಉಳಿದದ್ದು ಒಂದೇ ರೋಲು. ಅಷ್ಟರಲ್ಲಿ ಅತ್ತೆ ಅಕ್ಕಿಯೊಳಗಿನ ಹರಳನ್ನು ಬೆರಳಿಂದ ಹುಡುಕುವ ಸ್ಥಿತಿಗೆ ಬಂದಿದ್ದರು.

ಎಳ್ಳಮಾಸಿ ಬಂತು. ಅತ್ತೆಯ ತವರು ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿ. ಪ್ರತಿವರ್ಷ ಆ ದಿನ ಹೊಲಕ್ಕೆ ಚರಗ ಚೆಲ್ಲಲು ನಾವೂ ಹೋಗುತ್ತೇವೆ. ಬೆಳೆದು ನಿಂತ ಹಿಂಗಾರಿ ಜೋಳಕ್ಕೆ ಎಡೆಯ ಅನ್ನ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕೂತು ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು, ಹೊತ್ತು ಮುಳುಗುವುದರೊಳಗೆ ಎಲ್ಲರೂ ಮನೆಗೆ ಮರಳುವುದು ರೂಢಿ. ಆ ಸಲ ನಾನು ಮರಳುವುದಿಲ್ಲ ಅಂದೆ. ಅಮಾವಾಸ್ಯೆ, ಚಂದ್ರ ಇಲ್ಲ. ಊರಿನ ದೀಪ ದೂರ. ಇದಕ್ಕಿಂತ ಒಳ್ಳೆಯ ಕತ್ತಲು ನನಗೆ ಎಲ್ಲಿ ಸಿಗಬೇಕು?

ಅತ್ತೆಯ ತಮ್ಮ ಚನ್ನಪ್ಪ ಮಾವ ಹೌಹಾರಿದರು. "ತಂಗಿ, ನಿನಗೇನ ತಲಿ ಕೆಟ್ಟೈತೇನು? ಅಮಾಸಿ ರಾತ್ರಿ ಹೆಣ್ಣಮಕ್ಕಳು ಹೊಲದಾಗ ಇರೂದು ಅಂದ್ರ!"

ಅತ್ತೆ ಬನ್ನಿ ಗಿಡಕ್ಕೆ ಒರಗಿ ಕೂತಲ್ಲಿಂದಲೇ, "ಲೇ ಚನ್ನ್ಯಾ, ನನಗ ದಿನಾ ರಾತ್ರಿ ಅಮಾಸಿನ. ನನಗೇನ ಹೊಸಾದಲ್ಲ. ನಾನೂ ಆಕಿ ಜೋಡಿ ಇರ್ತೀನಿ" ಅಂದರು. ಅಕ್ಕ ಹಾಗೆಂದ ಮೇಲೆ ಮಾವ ಚಕ್ಕಡಿಯಿಂದ ಕಂಬಳಿ ಇಳಿಸಿದರು. ಚಕ್ಕಡಿಗಳೆಲ್ಲ ಊರಿನ ಕಡೆ ಹೋದವು. ಉಳಿದವರು ನಾವು ನಾಲ್ವರೇ. ನಾನು, ಅತ್ತೆ, ಮಂಕಿ ಟೋಪಿ ಹಾಕಿಕೊಂಡು ಆಗಲೇ ಚಳಿ ಚಳಿ ಅನ್ನುತ್ತಿದ್ದ ಗಂಡ, ಮತ್ತು "ನಿಮ್ಮನ್ನ ಬಿಟ್ಟ ಹೆಂಗ ಹೋಗ್ಲಿ" ಅಂತ ಗೊಣಗುತ್ತ ಸ್ಟೋವ್ ತಂದಿಟ್ಟುಕೊಂಡ ಮಾವ.

ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳಿದೆ. ಮೊಬೈಲ್ ತೆಗೆಯಬಾರದು, ಬ್ಯಾಟರಿ ಹಚ್ಚಬಾರದು, ಬೀಡಿ ಸೇದಬಾರದು. ಮಾವ ಕಿವಿಮೇಲಿನ ಬೀಡಿ ತೆಗೆದು ಜೇಬಿಗೆ ಹಾಕಿಕೊಂಡರು.

ಮೊದಲು ಕ್ಯಾಮೆರಾವನ್ನು ನೆತ್ತಿಯ ಕಡೆ ಮಾಡಿ ಚಿಕ್ಕ ಚಿಕ್ಕ ಫೋಟೋ ತೆಗೆದೆ. ಸ್ವಲ್ಪವೇ ಹೊತ್ತು ಕಣ್ಣು ತೆರೆದರೆ ಚುಕ್ಕಿ ಚುಕ್ಕಿಯಾಗಿಯೇ ಬೀಳುತ್ತದೆ. ಅವು ಅತ್ತೆಗಾಗಿ. ನಾನು ಗುಂಡಿ ಒತ್ತುವಾಗೆಲ್ಲ ಅತ್ತೆ, "ಏನ ಕಾಣ್ತೈತಿ, ಹೇಳು" ಅನ್ನುತ್ತಿದ್ದರು.

"ಜ್ವಾಳ ಚೆಲ್ಲಿದಂಗ ಕಾಣ್ತಾವ್ರಿ ಅತ್ತಿ."

"ಯಾವ ಜ್ವಾಳ? ಬಿಳಿ ಜ್ವಾಳೋ, ಹೈಬ್ರಿಡ್ಡೋ?"

"ಬಿಳಿ ಜ್ವಾಳ ಅನ್ರಿ."

"ಎಷ್ಟ ಚೀಲ?" ಅಂತ ಕತ್ತಲೊಳಗಿಂದ ಗಂಡ ಕೇಳಿದರು. ಅತ್ತೆಗೆ ನಕ್ಕು ನಕ್ಕು ಕೆಮ್ಮು ಬಂತು.

ರೋಲಿನಲ್ಲಿ ಒಂದು ಫೋಟೋಕ್ಕೆ ಜಾಗ ಉಳಿದಾಗ ನನಗೂ ಒಂದು ಆಸೆಯಾಯಿತು. ಬಹಳ ಹೊತ್ತು ಕಣ್ಣು ತೆರೆದಿಟ್ಟರೆ ಚುಕ್ಕಿಗಳು ನಡೆದ ದಾರಿಯೆಲ್ಲ ಗೆರೆಯಾಗಿ ಬರುತ್ತದೆ ಅಂತ ಅಪ್ಪ ಹೇಳುತ್ತಿದ್ದರು. ಸ್ಟುಡಿಯೋ ಬಿಟ್ಟು ಒಂದು ರಾತ್ರಿಯೂ ಹೊರಗೆ ಇರಲಾಗದೆ ಅಪ್ಪ ಅದನ್ನು ತೆಗೆಯಲೇ ಇಲ್ಲ. ಕ್ಯಾಮೆರಾವನ್ನು ಉತ್ತರಕ್ಕೆ ತಿರುಗಿಸಿದೆ. ನಮ್ಮ ಸೀಮೆಯಲ್ಲಿ ಧ್ರುವ ನಕ್ಷತ್ರ ಬಹಳ ಕೆಳಗೆ, ಬೆಳೆಯ ತಲೆಯಿಂದ ತುಸು ಮೇಲಷ್ಟೇ ಇರುತ್ತದೆ. ಅತ್ತೆ ಅದೇ ದಿಕ್ಕಿನಲ್ಲಿ ಬದುವಿನ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದರು. ಇರಲಿ, ಕತ್ತಲಲ್ಲಿ ಕೂತವರು ಫೋಟೋದಲ್ಲಿ ಬೀಳುವುದಿಲ್ಲ ಅಂದುಕೊಂಡೆ. ಹೊತ್ತು ನೋಡುವುದೇ ಕಷ್ಟ, ಗಡಿಯಾರ ನೋಡಲು ಬೆಳಕು ಬೇಕಲ್ಲ?

"ಅದಕ್ಯಾಕ ಚಿಂತಿ? ನಾ ಜಪ ಮಾಡ್ತೀನಿ. ಸರ ಇಷ್ಟ ಸುತ್ತ ಬರ್ಲಿ ಅಂತ ಹೇಳು, ಮುಗದ ಮ್ಯಾಲ ಕೂಗತೀನಿ" ಅಂದರು ಅತ್ತೆ. ದಿನಾ ಮಾಡುವ ಜಪ, ಕೈಗೆ ಹೊತ್ತು ಗೊತ್ತು. ನಾನು ತಿರುಪು ಬಿಗಿದೆ. ಅತ್ತೆಯ ಬೆರಳುಗಳಲ್ಲಿ ಮಣಿ ಸರಿಯುವ ಸಣ್ಣ ಸದ್ದು ಶುರುವಾಯಿತು.

ಅರ್ಧ ಜಪ ಆಗಿರಬೇಕು. ಇದ್ದಕ್ಕಿದ್ದಂತೆ ಬದುವಿನ ಮೇಲೆ ಫಳ್ ಅಂತ ಬೆಳಕು. ನೋಡಿದರೆ ಚನ್ನಪ್ಪ ಮಾವ! ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದು ಕೈಯಲ್ಲಿ ಬ್ಯಾಟರಿ. ಬೆಳಕು ನೇರ ಅತ್ತೆಯ ಚಾಚಿದ ಕೈಮೇಲೆ.

"ಮಾವಾ! ಆರಸ್ರಿ! ಆರಸ್ರಿ ಅದನ್ನ!" ಅಂತ ಹೇಗೆ ಚೀರಿದೆನೆಂದರೆ ಜೋಳದೊಳಗಿಂದ ಯಾವುದೋ ಹಕ್ಕಿ ಎದ್ದು ಹಾರಿತು.

ಮಾವ ಗಾಬರಿಯಿಂದ ಆರಿಸಿದರು. "ಅಕ್ಕನ ಕೈಗೆ ಸುಡೂ ಚಾ ಕತ್ತಲದಾಗ ಹೆಂಗ ಕೊಡ್ಲಿ ತಂಗಿ? ಮೊದಲ ಬೆಳಕ ಕೊಡಬೇಕಲ್ಲ..." ಅಂದರು. ಸಣ್ಣವರಿದ್ದಾಗಿನಿಂದ ಅಕ್ಕನನ್ನು ಕತ್ತಲಲ್ಲಿ ಕೈಹಿಡಿದು ನಡೆಸಿದವರು ಅವರು. ಬೀಡಿ ಬಿಟ್ಟಿದ್ದರು, ಮೊಬೈಲ್ ಬಿಟ್ಟಿದ್ದರು, ಇದನ್ನು ಬಿಡಲು ಆಗಲಿಲ್ಲ. ನನಗೆ ಅಳುವೇ ಬಂತು. ಕೊನೆಯ ಫೋಟೋ, ಅದೂ ಹೋಯಿತು.

"ನಂದೂ ಎಣಿಕಿ ತಪ್ಪಿತು" ಅಂದರು ಅತ್ತೆ, ಚಹಾ ಗುಟುಕರಿಸಿ. "ನಾ ಮೊದಲಿಂದ ಶುರು ಮಾಡ್ತೀನಿ. ನೀ ಅದನ್ನ ಮುಚ್ಚಬ್ಯಾಡ. ಬಾಯಿ ಮುಚ್ಚಿಕೊಂಡು ಕುಂಡ್ರು."

ಹಾಳಾದದ್ದು ಹೇಗೂ ಹಾಳಾಗಿದೆ ಅಂತ ಸ್ಟ್ಯಾಂಡಿನ ಪಕ್ಕದ ಎರೆಮಣ್ಣಿನ ಮೇಲೆ ಹಾಗೇ ಅಂಗಾತ ಬಿದ್ದೆ. ಆಗ ಕಂಡಿತು ನೋಡಿ ಆಕಾಶ. ಅಲ್ಲಿಯ ತನಕ ನಾನು ಕ್ಯಾಮೆರಾ ನೋಡಿದ್ದೆ, ಕೇಬಲ್ ನೋಡಿದ್ದೆ, ಮಾವನ ಮೇಲೆ ಕಣ್ಣಿಟ್ಟಿದ್ದೆ. ಮೇಲೆ ಸುಮ್ಮನೆ ನೋಡಿದ್ದು ಅದೇ ಮೊದಲು. ಅಬ್ಬಾ! ಎಷ್ಟು ಚುಕ್ಕಿ! ಒಂದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ನೋಡಿದಷ್ಟೂ ಒಳಗಿಂದ ಹೊಸದು ಬರುತ್ತಿತ್ತು. ಕಪ್ಪತಗುಡ್ಡದ ಮೇಲಿನ ಗಾಳಿಗಿರಣಿಗಳ ಕೆಂಪು ದೀಪಗಳು ಒಮ್ಮೆಲೇ ಹೊತ್ತಿ ಒಮ್ಮೆಲೇ ಆರುತ್ತಿದ್ದವು. ಅವು ಆರಿದಾಗ ಚುಕ್ಕಿಗಳು ಇನ್ನೂ ಕೆಳಗಿಳಿದಂತೆ ಅನಿಸುತ್ತಿತ್ತು. ಜೋಳದ ಗರಿ ಸರಸರ ಅನ್ನುತ್ತಿತ್ತು. ಹೊಲ, ಗುಡ್ಡ, ನಾನು ಎಲ್ಲ ಸೇರಿ ಮೆಲ್ಲಗೆ ಎತ್ತಲೋ ತಿರುಗುತ್ತಿದ್ದೇವೆ ಅನ್ನಿಸಿ ಎರಡೂ ಕೈಯಲ್ಲಿ ಮಣ್ಣು ಗಟ್ಟಿಯಾಗಿ ಹಿಡಿದುಕೊಂಡೆ. ಭಯವೂ ಆಯಿತು, ಭಕ್ತಿಯೂ ಆಯಿತು. ಇದನ್ನು ಜೋಳ ಅಂದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ ಅನಿಸಿತು. ಹತ್ತು ಹೆಜ್ಜೆ ದೂರದಲ್ಲಿ ಅತ್ತೆ, ಇದರ ಕೆಳಗೇ ಕೂತು, ಇದನ್ನು ಕಾಣದೆ, ಮಣಿ ಸರಿಸುತ್ತಿದ್ದರು. ಗಂಡ ಚಳಿ ತಡೆಯದೆ ಬದುವಿನುದ್ದಕ್ಕೂ ಶತಪಥ ತಿರುಗುತ್ತಿದ್ದರು. ಮಾವ ಸ್ಟೋವಿನ ಕಡೆಗೂ ಅಕ್ಕನ ಕಡೆಗೂ ಓಡಾಡುತ್ತಿದ್ದರು. ಅತ್ತೆ ಮಾತ್ರ ಕದಲಲಿಲ್ಲ. ಕತ್ತಲಲ್ಲಿ ಕೂರಿಸಿದ ಜಾಗ ಬಿಟ್ಟು ಕದಲಬಾರದು ಅನ್ನುವುದು ಅವರಿಗೆ ಹುಟ್ಟಿದಾಗಿನ ಪಾಠ.

"ಆತು!" ಅಂತ ಅತ್ತೆ ಕೂಗಿದಾಗ ನನ್ನ ಸೆರಗು ಇಬ್ಬನಿಗೆ ತೊಯ್ದಿತ್ತು.

ರೋಲು ತೊಳೆದು ಒಣಗಿಸಿದೆ. ಫೋಟೋ ಮಾಡುವುದಕ್ಕೆ ನಮ್ಮ ಓಣಿಯ ಮಗ್ಗಗಳು ಬಿಡಬೇಕಲ್ಲ. ಪಕ್ಕದ ಮನೆಯ ಪವರ್‌ಲೂಮು ನಡೆದರೆ ನಮ್ಮ ಬಚ್ಚಲ ಗೋಡೆ ಅದುರುತ್ತದೆ, ಗೋಡೆ ಅದುರಿದರೆ ಎನ್‌ಲಾರ್ಜರ್ ಅದುರುತ್ತದೆ. ಅವರು ಊಟಕ್ಕೆ ಎದ್ದಾಗ ನಾನು ಬಚ್ಚಲಿಗೆ ಓಡುತ್ತಿದ್ದೆ. ಎಲ್ಲಕ್ಕಿಂತ ಚೆನ್ನಾಗಿ ಬಂದ ಚುಕ್ಕಿಗಳ ಫೋಟೋವನ್ನು ನನ್ನ ಹತ್ತಿರ ಇದ್ದ ದೊಡ್ಡ ಕಾಗದದ ಮೇಲೆ ಮಾಡಿದೆ. ತಟ್ಟೆಯ ನೀರಿನೊಳಗೆ ಬಿಳಿ ಕಾಗದ ಕಪ್ಪಾಗುತ್ತ, ಕಪ್ಪಿನೊಳಗೆ ಒಂದೊಂದೇ ಚುಕ್ಕಿ ಉಳಿದುಕೊಂಡಿತು. ಕಣ್ಣಲ್ಲಿ ನೀರು ಬಂತು. ವಾಸನೆಗೆ ಅಂದುಕೊಳ್ಳಿ ಬೇಕಾದರೆ.

ಅಂಗಳದ ಬಿಸಿಲಿಗೆ ತಂದು ಅತ್ತೆಯ ಮಡಿಲಲ್ಲಿಟ್ಟೆ. ಅತ್ತೆ ಬಾಗಿ ನೋಡಿದರು. ಮೂಲೆಯಿಂದ ಮೂಲೆಗೆ ಮುಖ ತಿರುಗಿಸುತ್ತ ನೋಡಿದರು. ಆಮೇಲೆ ಸೆರಗಿನ ತುದಿ ಹಿಡಿದು ಫೋಟೋವನ್ನು ಒರೆಸತೊಡಗಿದರು.

"ಭಾಳ ಧೂಳ ಕುಂತೈತಿ ನೋಡವ್ವಾ" ಅಂದರು.

ಚುಕ್ಕಿಗಳು ಅವರಿಗೆ ಧೂಳಾಗಿ ಕಂಡಿದ್ದವು. ಅದು ಧೂಳಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. ಅತ್ತೆಗೆ ನನ್ನ ಸುಮ್ಮನಿರುವಿಕೆಯಿಂದಲೇ ತಿಳಿಯಿತು. ಕೈ ನಿಲ್ಲಿಸಿ, "ಇವ ಏನು ಚುಕ್ಕಿ? ಛಲೋ ಅದಾವು" ಅಂದರು. ಆ 'ಛಲೋ' ನನ್ನ ಸಮಾಧಾನಕ್ಕೆ ಹೇಳಿದ್ದು. ಮಾಳಿಗೆಯ ಮೇಲೆ ಮಲಗಿ ಸುಳ್ಳುಸುಳ್ಳೇ ಎಣಿಸುತ್ತಿದ್ದ ಹುಡುಗಿಯ ದನಿ ಅದು. ನಾನು ಒಳಗೆ ಹೋಗಿ ಹೊಲಿಗೆ ಮಷಿನ್ನಿನ ಮುಂದೆ ಸುಮ್ಮನೆ ಕೂತೆ.

ಮರುದಿನ ಅತ್ತೆ ಸ್ನಾನಕ್ಕೆ ಹೋದವರು ಬಚ್ಚಲಿಂದಲೇ ಕೂಗಿದರು, "ಸುಮಿತ್ರಾ! ಈ ಹಗ್ಗದ ಮ್ಯಾಲ ಏನ ಇದು?" ಕಿಟಕಿಯ ಕಂಬಳಿ ತೆಗೆದಿದ್ದೆ, ಬಿಸಿಲು ಬಿದ್ದಿತ್ತು. ಅವರ ಕೈಯಲ್ಲಿ ಅಂಗೈಯಗಲದ ಒಂದು ಫೋಟೋ. ಆ ಹಾಳಾದ ಕೊನೆಯದರ ಸಣ್ಣ ಪ್ರತಿ. ಹೇಗೆ ಕೆಟ್ಟಿದೆ ನೋಡೋಣ ಅಂತ ಮಾಡಿ, ಕೆಂಪು ಬೆಳಕಿನಲ್ಲಿ ಸರಿಯಾಗಿ ನೋಡದೆ ಒಣಹಾಕಿ ಮರೆತಿದ್ದೆ.

ಅತ್ತೆ ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಒಂದು ಕಡೆ ನಿಲ್ಲಿಸಿದರು. ಅಷ್ಟು ಚಿಕ್ಕ ಫೋಟೋ ಅವರ ಆ ಊದುಗೊಳವೆಯೊಳಗೆ ಪೂರ್ತಿಯಾಗಿ ಹಿಡಿಸಿತ್ತು. "ಗೆರಿ ಗೆರಿ ಅದಾವು. ಬೀಸೂಕಲ್ಲ ತಿರಗಿದಂಗ, ಸುತ್ತ" ಅಂದರು.

"ಅವ ಚುಕ್ಕಿ ಅತ್ತಿ. ನೀವು ಜಪ ಮಾಡೂ ತನಕ ನಡದ ದಾರಿ ಅದು."

"ಚುಕ್ಕಿ ತಿರಗತಾವೇನು?"

"ಹೂನ್ರಿ. ಅಂದ್ರ ನಾವ ತಿರಗತೇವಿ, ಅವು ತಿರಗಿದಂಗ ಕಾಣ್ತಾವು. ನಡಕ್ಕ ಒಂದು ಐತಿ ನೋಡ್ರಿ, ಅದೊಂದ ಕದಲೂದಿಲ್ಲ."

"ಮತ್ತ ಅದರ ಕೆಳಗ ಕೈ ಚಾಚಿ ಕುಂತಾಕಿ ಯಾರು?"

ಆಗ ನಾನೂ ಬಾಗಿ ನೋಡಿದೆ. ಶತಪಥ ಹಾಕಿದ ಗಂಡ ಅದರಲ್ಲಿ ಇರಲಿಲ್ಲ. ಬ್ಯಾಟರಿ ಹಿಡಿದ ಮಾವ ಇರಲಿಲ್ಲ. ಓಡಾಡಿದವರು ಯಾರೂ ಬಿದ್ದಿರಲಿಲ್ಲ. ಮಾವ ಬಿಟ್ಟ ಬೆಳಕು ಒಂದು ಮಡಿಲ ಮೇಲೆ, ಎರಡು ಚಾಚಿದ ಕೈಗಳ ಮೇಲೆ, ಒಂದು ಮುಖದ ಮೇಲೆ ಬಿದ್ದಿತ್ತು. ಅತ್ತೆಯ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಜಪ ಮಾಡಿದ್ದಕ್ಕೆ ಗೆರೆಗಳು ನಾನೆಣಿಸಿದ್ದಕ್ಕಿಂತ ಉದ್ದವಾಗಿ ಅವರ ನೆತ್ತಿಯ ಮೇಲೆ ಗುಂಡಗೆ ಬಾಗಿ ನಿಂತಿದ್ದವು.

"ನೀವ ಅತ್ತಿ" ಅಂದೆ.

ಅತ್ತೆ ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟರು. ಪಕ್ಕದ ಮನೆಯ ಮಗ್ಗ ಟಕ್ ಟಕ್ ಅನ್ನುತ್ತಿತ್ತು. ಫೋಟೋದ ಮೇಲೆ ಬೆರಳಿಟ್ಟು, "ನಾ ಇದರ ಕೆಳಗ ಕುಂತಿದ್ನೇನು?" ಅಂದರು.

"ಹೂನ್ರಿ."

"ದಿನಾ ರಾತ್ರಿ ಹಿಂಗ ಇರತಿತ್ತೇನು? ನಮ್ಮ ಮಾಳಿಗಿ ಮ್ಯಾಲೂ?"

"ದಿನಾ ಅತ್ತಿ."

"ಯವ್ವಾ..." ಅಂದರು. ಫೋಟೋವನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

ಚನ್ನಪ್ಪ ಮಾವನಿಗೆ ಆವತ್ತೇ ಫೋನ್ ಮಾಡಿ ಸುದ್ದಿ ಹೇಳಿದೆ. "ಮತ್ತ ನನ್ನ ಮ್ಯಾಲ ಹಂಗ ಚೀರಿದಿ?" ಅಂದರು. ಅದನ್ನು ಈಗಲೂ ಬಿಟ್ಟಿಲ್ಲ, ಮದುವೆ ಮುಂಜಿ ಎಲ್ಲಿ ಸಿಕ್ಕರೂ ನಾಲ್ಕು ಜನರ ಮುಂದೆ ಅಂದು ತೋರಿಸುತ್ತಾರೆ.

ಮೊನ್ನೆ ಗೋಬಿ ಪೊಟ್ಟಣ ಹಿಡಿದು ಮನೆಗೆ ಬಂದಾಗ ಕರೆಂಟು ಹೋಗಿತ್ತು. ಅತ್ತೆಗೆ ಈಗ ಹಗಲೂ ಇರುಳೂ ಒಂದೇ, ಊದುಗೊಳವೆ ಪೂರ್ತಿ ಮುಚ್ಚಿದೆ. ಪಕ್ಕದ ಮನೆಯ ಹೊಸ ಸೊಸೆ ಮೇಣದ ಬತ್ತಿ ಹಚ್ಚಿಕೊಂಡು ಅವರ ಹತ್ತಿರ ಕೂತಿದ್ದಳು. ಅತ್ತೆ ಎಲೆ-ಅಡಿಕೆಯ ಚಂಚಿಯಿಂದ ಆ ಫೋಟೋ ತೆಗೆದರು. ಮೇಲಿನದು ಯಾವ ಕಡೆ ಅಂತ ಗೊತ್ತಾಗಲಿ ಎಂದು ಕಣ್ಣಿದ್ದಾಗಲೇ ಒಂದು ಮೂಲೆ ಮಡಚಿಟ್ಟಿದ್ದರು. ಅದನ್ನು ಬೆರಳಿಂದ ಹುಡುಕಿ, ಫೋಟೋ ನೆಟ್ಟಗೆ ಮಾಡಿ, ಬೊಟ್ಟು ಇಟ್ಟರು.

"ಇವ ಚುಕ್ಕಿ. ರಾತ್ರೆಲ್ಲಾ ಹಿಂಗ ಸುತ್ತತಾವು. ಇಕಾ, ಇದೊಂದ ಸುತ್ತೂದಿಲ್ಲ. ಅದರ ಕೆಳಗ..."

ಬೆರಳು ಮೆಲ್ಲಗೆ ಕೆಳಗೆ ಸರಿದು ನಿಂತಿತು. ಒಂದು ಕಾಳಿನಷ್ಟೂ ಅತ್ತಿತ್ತ ಆಗಲಿಲ್ಲ.

"ಇಲ್ಲೆ ಕುಂತೀನಿ ನೋಡು, ನಾನು."

ಆ ಹುಡುಗಿ ಮೇಣದ ಬತ್ತಿ ಹತ್ತಿರ ತಂದು ಬಾಗಿ ನೋಡುತ್ತಿದ್ದಳು. ನಾನು ಮೊಬೈಲಿನ ಬೆಳಕನ್ನು ಅತ್ತೆಯ ಕೈಮೇಲೆ ಬಿಟ್ಟು, ಆಮೇಲೆ ಗೋಬಿ ತಟ್ಟೆ ಕೊಟ್ಟೆ.